ಅಣ್ಣನ ಹೆಸರಿನ ಬೋರ್ಡು

ಐವತ್ತಾರು ದಾಟಿದರೂ ಬೀದಿಯವರಿಗೆಲ್ಲ ಅವನು ತಮ್ಮನೇ. ಹಿಂದೆ ಅಣ್ಣನೂ ಅವನೂ ಸೇರಿ ರಿಪೇರಿ ಅಂಗಡಿ ನಡೆಸುತ್ತಿದ್ದಾಗ ಗಿರಾಕಿಗಳು ಒಬ್ಬನನ್ನು ಅಣ್ಣ ಎಂದರು, ಇನ್ನೊಬ್ಬನನ್ನು ತಮ್ಮ ಎಂದರು. ಅಣ್ಣ ಬೇರೆ ಹೋದ, ಅಂಗಡಿ ಮುಚ್ಚಿತು, ಕಡೆಗೆ ಲೋಕವನ್ನೇ ಬಿಟ್ಟು ಹೋದ. ಇವನು ಮಾತ್ರ ತಮ್ಮನಾಗಿಯೇ ಉಳಿದ. ಯಾರ ತಮ್ಮ ಎಂದು ಯಾರಾದರೂ ಕೇಳಿದರೆ ಈಗ ಹೇಳುವುದಕ್ಕೆ ಅವನ ಹತ್ತಿರ ಹೆಸರಿರಲಿಲ್ಲ.

ಅವನ ಕಸುಬು ಏನೆಂದು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ನಗುತ್ತಾರೆ, ಹತ್ತನೆಯವನು ಗಿರಾಕಿ. ನಲವತ್ತು ವರ್ಷದ ಹಿಂದೆ ತೊಡೆಯ ಮೇಲಿಟ್ಟುಕೊಂಡು ಬರೆಯುವ ಪುಟ್ಟ ಕಂಪ್ಯೂಟರುಗಳು ಬಂದಿದ್ದವು. ದಪ್ಪ ಪುಸ್ತಕದಷ್ಟು ಗಾತ್ರ, ಎಂಟೇ ಸಾಲಿನ ಬೂದು ಪರದೆ, ನಾಲ್ಕು ಸೆಲ್ಲು ಹಾಕಿದರೆ ದಿನಗಟ್ಟಲೆ ನಡೆಯುತ್ತಿದ್ದವು. ಜನ ಬಳಸಿ ಬಿಸಾಡಿದ ಆ ಯಂತ್ರಗಳನ್ನು ಈಗ ಹುಚ್ಚು ಹಿಡಿದ ಕೆಲವರು ಗುಜರಿಯಿಂದ ಹೆಕ್ಕಿ ತಂದು, ಒರೆಸಿ, ಮುದ್ದು ಮಾಡುತ್ತಾರೆ. ಯಂತ್ರದ ಹೊಟ್ಟೆಯಡಿ ಒಂದು ಸಣ್ಣ ಮುಚ್ಚಳ, ಅದರೊಳಗೆ ಇಪ್ಪತ್ತೆಂಟು ಕಾಲಿನ ರೋಮ್ ಚಿಪ್ ಕೂರುವ ಸಾಕೆಟ್ಟು. ಬರವಣಿಗೆಯದೋ ಲೆಕ್ಕದ್ದೋ ಒಂದು ಪ್ರೋಗ್ರಾಮನ್ನು ಅಳಿಯದ ಹಾಗೆ ತುಂಬಿದ ಚಿಪ್ಪನ್ನು ಅಲ್ಲಿ ಕೂರಿಸಿದರೆ ಯಂತ್ರಕ್ಕೆ ಹೊಸ ವಿದ್ಯೆ ಬಂದ ಹಾಗೆ. ಆದರೆ ಮಾಡಿದವರು ಅದೇನು ಹಟಕ್ಕೆ ಬಿದ್ದಿದ್ದರೋ, ಸಾಕೆಟ್ಟಿನ ಕಾಲುಗಳನ್ನು ಪೇಟೆಯ ಬೇರೆ ಯಾವ ಚಿಪ್ಪಿಗೂ ಹೊಂದದಂತೆ ಅದಲುಬದಲು ಮಾಡಿಟ್ಟಿದ್ದರು. ನಡುವೆ ಒಬ್ಬ ದಲ್ಲಾಳಿ ಬೇಕು. ಈ ಚಿಪ್ಪಿನ ಪ್ರತಿ ಕಾಲನ್ನೂ ಆ ಸಾಕೆಟ್ಟಿನ ಸರಿಯಾದ ಜಾಗಕ್ಕೆ ಮುಟ್ಟಿಸುವ, ಹೆಬ್ಬೆರಳಿಗಿಂತ ತುಸು ದೊಡ್ಡ ಹಸಿರು ಬೋರ್ಡು, ಅಡಾಪ್ಟರ್. ತಮ್ಮ ಮಾಡುತ್ತಿದ್ದುದು ಅದನ್ನೇ. ಲೋಕದಲ್ಲಿ ಅದು ಬೇಕಾದವರು ಒಟ್ಟು ಮುನ್ನೂರು ಜನ ಇದ್ದಾರು, ಅವರಿಗೆ ಮಾತ್ರ ಅವನು ದೊಡ್ಡ ಮನುಷ್ಯ.

ಮೊದಲ ಬೋರ್ಡಿನ ನಕ್ಷೆ ಬರೆದವನು ಅಣ್ಣ. ನಕ್ಷೆಗೆ ಅಣ್ಣನ ತಲೆ, ಬೆಸುಗೆಗೆ ತಮ್ಮನ ಕೈ. ಇಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಾನೆ ಎಂದು ಅತ್ತಿಗೆ ಗೇಲಿ ಮಾಡುತ್ತಿದ್ದರು. ಪ್ರತಿ ಬೋರ್ಡಿನ ಬೆನ್ನ ಮೇಲೆ, ಹದಿನಾಲ್ಕನೆಯ ಕಾಲಿನ ಪಕ್ಕ, ಗೆರೆಗಳ ಜೊತೆಗೇ ತಾಮ್ರದಲ್ಲಿ ಮೂಡಿದ ಎರಡು ಅಕ್ಷರ ಇರುತ್ತಿದ್ದವು. ಅಣ್ಣನ ಹೆಸರು. ಲೆನ್ಸ್ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣವು.

ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ಗಿರಾಕಿಗಳು ಗೊಣಗಿದಾಗ ತಮ್ಮ ತಾನೇ ಕೂತು ನಕ್ಷೆ ತಿದ್ದಿ ಬೋರ್ಡನ್ನು ಕಿರಿದು ಮಾಡಿದ. ಒಂದು ಗೆರೆ ಆ ಎರಡು ಅಕ್ಷರದ ಮೇಲೆಯೇ ಹಾದು ಹೋಗಬೇಕಾಯಿತು. ಅಕ್ಷರಗಳನ್ನು ತೆಗೆದ. ಅಣ್ಣನಿಗೆ ಹೇಳಲಿಲ್ಲ. ಹೊಸ ಬೋರ್ಡು ಬಂದ ದಿನ ಅಣ್ಣ ಅದನ್ನು ಲೆನ್ಸಿನಡಿ ಹಿಡಿದು ನೋಡಿದ, ತಿರುಗಿಸಿ ನೋಡಿದ.

"ನನ್ನ ಹೆಸರೆಲ್ಲೋ?"

"ಗೆರೆ ಅಡ್ಡ ಬಂತು ಅಣ್ಣ."

ಅಣ್ಣ ಬೋರ್ಡನ್ನು ಮೇಜಿನ ಮೇಲಿಟ್ಟು, ಅಂಗಿಯ ತೋಳು ಇಳಿಸಿಕೊಂಡು, ಹೊರಗೆ ಹೋದ. ಮತ್ತೆ ಅಂಗಡಿಗೆ ಬರಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಆದರೆ ಹೊಲಕ್ಕೋ ಮನೆಗೋ ಕಾದಾಡುವ ದಾಯಾದಿಗಳಿಗೂ ಒಂದು ಮರ್ಯಾದೆ ಇದೆ. ಇವರು ಎಳ್ಳುಕಾಳಿನಷ್ಟು ತಾಮ್ರಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟರು. ನಿಜ ಹೇಳಬೇಕೆಂದರೆ ಗೆರೆಯನ್ನು ಒಂದು ಕೂದಲೆಳೆಯಷ್ಟು ಆಚೆ ಸರಿಸಬಹುದಾಗಿತ್ತು, ಅದು ತಮ್ಮನಿಗೆ ಆವತ್ತೇ ಗೊತ್ತಿತ್ತು. ಬೆಸುಗೆ ಹಾಕಿ ಹಾಕಿ ಕಣ್ಣು ಕಳೆದುಕೊಂಡವನು ತಾನು, ಗಿರಾಕಿಗಳ ಹೊಗಳಿಕೆಯೆಲ್ಲ ಅಣ್ಣನ ಹೆಸರಿಗೆ, ಎನ್ನುವ ಹೊಟ್ಟೆಕಿಚ್ಚು ಗೆರೆಯ ರೂಪದಲ್ಲಿ ಅಡ್ಡ ಬಂದಿತ್ತು. ಅಣ್ಣನಿಗೆ ಗಂಟಲ ಆಪರೇಶನ್ ಆಗಿ ಮಾತು ನಿಂತಿತು ಎಂದು ಬೇರೆಯವರ ಬಾಯಲ್ಲಿ ಕೇಳಿದ. ಹೋಗಬೇಕು, ಹೋಗಬೇಕು ಅಂದುಕೊಂಡ. ಹೋದದ್ದು ಮಣ್ಣಿಗೆ. ಅಲ್ಲಿಯೂ ಗೇಟಿನ ಹತ್ತಿರವೇ ನಿಂತು ಬಂದ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಬಾಗಿಲು ತಟ್ಟಿದರು. ಹಳೆಯ ಟವೆಲಿನಲ್ಲಿ ಸುತ್ತಿದ ಅಣ್ಣನ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಕಡೇ ಮೂರು ತಿಂಗಳು ಇದರ ಮುಂದೇನೇ ಕೂತಿರ್ತಿದ್ರು," ಎಂದರು, ಕೂರುವ ಮೊದಲೇ. "ಮಾತು ಹೋದ್ಮೇಲೆ ನಂಗೇನಾದ್ರೂ ಹೇಳ್ಬೇಕಂದ್ರೆ ಚೀಟೀಲಿ ಬರೆದು ತೋರಿಸೋರು. ನೀರು. ದಿಂಬು. ಕಿಟಕಿ ಹಾಕು. ಅಷ್ಟೇ. ಮಿಕ್ಕಿದ್ದೆಲ್ಲ ಇದ್ರೊಳಗೆ."

"ಏನು ಬರೀತಿದ್ದ?"

"ನಂಗೇನು ಗೊತ್ತು. ಹೋಗೋಕೆ ಒಂದು ವಾರ ಮುಂಚೆ ಇದೂ ಕೆಟ್ಟು ನಿಂತಿತು. ಹಚ್ಚಿದ್ರೆ ಒಂದು ಹೆಸರು ತೋರಿಸುತ್ತೆ, ಒಳಗೆ ಹೋಗೋಕೆ ಬಿಡಲ್ಲ. ನೀನು ಬಿಟ್ರೆ ಇದನ್ನ ಬಲ್ಲೋರು ಯಾರಿದಾರೆ ಹೇಳು."

ತಮ್ಮ ಸ್ವಿಚ್ಚು ಸರಿಸಿದ. ಬೂದು ಪರದೆಯ ಮೇಲೆ ಯಂತ್ರದೊಳಗಿನ ಬರಹಗಳ ಪಟ್ಟಿ ಮೂಡಿತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು: ತಮ್ಮ.

ಅವನು ಅದನ್ನು ಮತ್ತೊಮ್ಮೆ ಓದಿದ. ಹನ್ನೊಂದು ವರ್ಷ ಬಾಯಿ ಬಿಡದ ಅಣ್ಣ, ಬಾಯೇ ಹೋದ ಮೇಲೆ ತನಗೆ ಬರೆದಿದ್ದಾನೆ. ಆ ಯಂತ್ರದ ನೆನಪಿನಲ್ಲಿ ಹಿಡಿಸುವುದೇ ಇಪ್ಪತ್ತು ಪುಟ, ಅದು ತುಂಬಿತ್ತು. ಅಷ್ಟನ್ನೂ ತನಗೇ ಬರೆದಿದ್ದಾನೆ. ಬೈದಿದ್ದಾನೋ, ಕ್ಷಮಿಸಿದ್ದಾನೋ. ಬೈದಿದ್ದರೂ ಸರಿ, ಓದಬೇಕು; ಇನ್ನು ಬದುಕಿನಲ್ಲಿ ಬೇರೇನೂ ಬೇಡ ಎನಿಸಿತು.

ಯಂತ್ರ ಮಗುಚಿ ಮುಚ್ಚಳ ತೆಗೆದ. ಅಣ್ಣ ಬಳಸುತ್ತಿದ್ದ ಬರವಣಿಗೆಯ ಪ್ರೋಗ್ರಾಮು ಇದ್ದ ಚಿಪ್ಪಿನ ಕಾಲುಗಳು ಕಿಲುಬು ಹಿಡಿದು ಉದುರಿದ್ದವು. ಅದರಡಿ ಇದ್ದ ಅಡಾಪ್ಟರನ್ನು ಲೆನ್ಸಿನಡಿ ನೋಡಿದ ಕೂಡಲೇ ಗುರುತು ಹತ್ತಿತು. ಬೆಸುಗೆ ತನ್ನದೇ. ಬೆನ್ನ ಮೇಲೆ ಹೆಸರಿಲ್ಲದ ಬೋರ್ಡು.

"ಇದು ಅಣ್ಣನ ಹತ್ರ ಹೇಗೆ ಬಂತು ಅತ್ತಿಗೆ?"

"ಮಾತು ಹೋಗೋಕೆ ಮುಂಚೆ ನಾನೇ ತರಿಸಿದ್ದು. ನನ್ನ ತಂಗಿ ವಿಳಾಸ ಕೊಟ್ಟು ತರಿಸು ಅಂದಿದ್ರು. ಬಂದ್ಮೇಲೆ ಲೆನ್ಸ್ ಹಿಡ್ಕೊಂಡು ಅರ್ಧ ಗಂಟೆ ನೋಡಿದ್ರು. ಬೆಸುಗೆ ಚೆನ್ನಾಗಿ ಹಾಕಿದಾನೆ ಅಂದ್ರು."

ತಮ್ಮ ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋಗಿ ನಿಂತ. ಅತ್ತಿಗೆ, "ಯಾವಾಗ ಆಗುತ್ತೆ?" ಎಂದರು.

ಮೇಜಿನ ಎರಡನೆಯ ಡ್ರಾದಲ್ಲಿ ಹೆಸರಿಲ್ಲದ ಬೋರ್ಡುಗಳು ನಲವತ್ತು ಬಿದ್ದಿದ್ದವು. ಎಲ್ಲವೂ ಪರೀಕ್ಷೆ ಆದವು. ಪ್ರೋಗ್ರಾಮು ತುಂಬಿದ ಚಿಪ್ ಹಾಕಿ ಒಂದನ್ನು ಕೂರಿಸಲು ಹತ್ತು ನಿಮಿಷ ಸಾಕು. ಅತ್ತಿಗೆ ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಅಣ್ಣನ ಮಾತು ಪರದೆಯ ಮೇಲೆ ಬಂದಿರುತ್ತಿತ್ತು. ಆದರೆ ತಮ್ಮನ ಮನಸ್ಸು ಬೇರೆ ದಾರಿ ಹಿಡಿದಿತ್ತು. ಅಣ್ಣನ ಹೆಸರು ಅಳಿಸಿದ ಬೋರ್ಡಿನಿಂದಲೇ ಅಣ್ಣನ ಕಡೆಯ ಮಾತನ್ನು ತೆರೆದು ಓದುವುದೇ? ಯಾವ ಮುಖ ಇಟ್ಟುಕೊಂಡು? ಮೊದಲು ಆ ಎರಡು ಅಕ್ಷರವನ್ನು ಇದ್ದ ಜಾಗಕ್ಕೆ ಇಡಬೇಕು, ಆಮೇಲೆ ಓದಬೇಕು. ಪಶ್ಚಾತ್ತಾಪ ಪಡುವವನಿಗೂ ಒಂದು ಜಂಬ ಇರುತ್ತದೆ, ಅದು ಬೇರೆ ಎಲ್ಲ ಜಂಬಕ್ಕಿಂತ ಕೆಟ್ಟದ್ದು.

"ಇದಕ್ಕೆ ಅಂತಾನೇ ಹೊಸ ಬೋರ್ಡು ಮಾಡ್ಬೇಕು ಅತ್ತಿಗೆ. ಮೂರು ವಾರ."

"ಅಷ್ಟೊಂದಾ? ಬೇರೆ ದಾರಿ ಇಲ್ವಾ?"

"ಇಲ್ಲ," ಎಂದ.

ಆ ಸಂಜೆಯೇ ನಕ್ಷೆ ತಿದ್ದಿದ. ಹನ್ನೊಂದು ವರ್ಷದ ಹಿಂದೆ ಸರಿಯಲೊಲ್ಲದ ಗೆರೆ ಇಪ್ಪತ್ತು ನಿಮಿಷದಲ್ಲಿ ಸರಿಯಿತು. ಹದಿನಾಲ್ಕನೆಯ ಕಾಲಿನ ಪಕ್ಕ ಎರಡು ಅಕ್ಷರ ಬಂದು ಕೂತವು. ಬೋರ್ಡು ಅಚ್ಚು ಹಾಕುವ ಕಾರ್ಖಾನೆಗೆ ನಕ್ಷೆ ಕಳಿಸಿ ದಿನ ಎಣಿಸತೊಡಗಿದ.

ಮೂರು ವಾರ ಆ ಯಂತ್ರವನ್ನು ಬಾಣಂತಿ ಮಗುವನ್ನು ಕಾದ ಹಾಗೆ ಕಾದ. ಆರಿಸಿದಾಗಲೂ ಬರಹವನ್ನು ಹಿಡಿದಿಡುವ ಒಳಗಿನ ಸಣ್ಣ ಸೆಲ್ಲು ಹಳೆಯದಾಗಿತ್ತು. ಅದು ಬತ್ತಿದರೆ ಇಪ್ಪತ್ತು ಪುಟವೂ ಹೋದ ಹಾಗೆ. ಆದ್ದರಿಂದ ಗೋಡೆಯ ಕರೆಂಟಿನ ಜೊತೆ ಹೊರಗಿನಿಂದ ಇನ್ನೊಂದು ಬ್ಯಾಟರಿಯನ್ನೂ ಕಟ್ಟಿದ. ಕಸ ಗುಡಿಸುವವಳಿಗೆ ಆ ಕೋಣೆಗೆ ಕಾಲಿಡಬೇಡ ಎಂದ. ಬರಹವನ್ನು ಮೊದಲು ಕೇಬಲ್ ಹಾಕಿ ನಕಲು ಮಾಡಿಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಕಳಿಸುವ ಚೀಟಿಯಲ್ಲಿ ಅವನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದ. ಆದರೆ ಅಣ್ಣನ ಯಂತ್ರದ ಬೆನ್ನಿನ ಕೇಬಲ್ ತೂತು ಎಂದೋ ಬಿದ್ದು ಒಡೆದಿತ್ತು. ಬಿಚ್ಚಿ ಸರಿ ಮಾಡಬಹುದಿತ್ತು. ಹೇಗೂ ಬೋರ್ಡು ಬರುತ್ತದಲ್ಲ ಎಂದು ಬಿಟ್ಟ. ಅತ್ತಿಗೆ ಎರಡು ಸಲ ಫೋನು ಮಾಡಿದರು. ಎರಡು ಸಲವೂ, "ಬೋರ್ಡು ಬರ್ಬೇಕು ಅತ್ತಿಗೆ," ಎಂದ. ಆ ಮಾತು ಹೇಳುವಾಗ ಅವನಿಗೆ ಒಳಗೊಳಗೇ ಒಂದು ಸುಖವೂ ಆಗುತ್ತಿತ್ತು.

ಬೋರ್ಡು ಬಂದದ್ದು ಒಂದು ಮಂಗಳವಾರ ಹನ್ನೊಂದು ಗಂಟೆಗೆ. ಕೈ ತೊಳೆದು ಬಂದು ಕೂತ. ಇಪ್ಪತ್ತೆಂಟು ಕಾಲನ್ನೂ ಒಂದೊಂದಾಗಿ ಬೆಸೆದ. ಕಣ್ಣು ಮಂಜಾಗುತ್ತಿತ್ತು, ಒರೆಸಿಕೊಂಡು ಬೆಸೆದ. ಚಿಪ್ ಕೂರಿಸಿದ, ಬೋರ್ಡನ್ನು ಸಾಕೆಟ್ಟಿಗೆ ಒತ್ತಿದ, ಯಂತ್ರವನ್ನು ನೆಟ್ಟಗೆ ತಿರುಗಿಸಿ ಸ್ವಿಚ್ಚು ಸರಿಸಿದ. ಪರದೆ ಬೋಳಾಗಿತ್ತು. ಒಂದು ಚುಕ್ಕೆಯೂ ಇರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹೊಸ ಬೋರ್ಡು ಹಾಕಿದಾಗ ಯಂತ್ರ ಹೀಗೆ ಮಂಕಾಗುವುದು ಉಂಟು. ಆಗ ಹಿಂದಿನ ಸಣ್ಣ ಗುಂಡಿಯೊಂದನ್ನೇ ಒತ್ತಿದರೆ ಯಂತ್ರ ಎಚ್ಚರಗೊಳ್ಳುತ್ತದೆ, ಒಳಗಿನ ಬರಹ ಇದ್ದ ಹಾಗೇ ಇರುತ್ತದೆ. ಅದರ ಜೊತೆಗೆ ಮುಂದಿನ ಎರಡು ಕೀಲಿಗಳನ್ನೂ ಹಿಡಿದರೆ ಯಂತ್ರ ಎಲ್ಲವನ್ನೂ ಅಳಿಸಿಕೊಂಡು ಅಂಗಡಿಯಿಂದ ಬಂದ ದಿನದಂತಾಗುತ್ತದೆ. ಬೋರ್ಡು ಪರೀಕ್ಷೆ ಮಾಡುವವರು ಎರಡನೆಯದನ್ನೇ ಮಾಡುತ್ತಾರೆ. ಅವರ ಯಂತ್ರದಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರುವುದಿಲ್ಲ, ಹಳೆಯ ಕಸ ಇದ್ದರೆ ಹೊಸ ಪ್ರೋಗ್ರಾಮಿನ ಕಾಲಿಗೆ ತೊಡರುತ್ತದೆ. ಇಪ್ಪತ್ತು ವರ್ಷ, ಸಾವಿರ ಬೋರ್ಡು, ಒಂದೊಂದಕ್ಕೆ ಮೂರು ಮೂರು ಸಲ. ಪರದೆ ಬೋಳಾಗಿ ಕಂಡರೆ ಎಡಗೈಯ ಎರಡು ಬೆರಳು ಕೀಲಿಗಳ ಮೇಲೆ, ಬಲಗೈ ಹಿಂದಿನ ಗುಂಡಿಗೆ. ಅದಕ್ಕೆ ತಲೆಯ ಅಪ್ಪಣೆ ಬೇಕಿರಲಿಲ್ಲ.

ಈ ಸಲವೂ ಕೈ ತಲೆಯನ್ನು ಕೇಳಲಿಲ್ಲ.

ಯಂತ್ರ ಸಣ್ಣಗೆ ಕೀ ಎಂದಿತು. ಪರದೆ ಬಂತು. ಮೇಲಿನ ಸಾಲಿನಲ್ಲಿ ತಾರೀಖು: ಸಾವಿರದ ಒಂಬೈನೂರನೆಯ ಇಸವಿ, ಜನವರಿ ಒಂದು. ಯಂತ್ರಕ್ಕೆ ಏನೂ ನೆನಪಿಲ್ಲದಾಗ ಅದು ತೋರಿಸುವ ತಾರೀಖು ಅದು. ಅಣ್ಣನಿರಲಿ, ಅವರ ಅಪ್ಪನೂ ಹುಟ್ಟಿರದ ದಿನ. ಕೆಳಗಿನ ಪಟ್ಟಿಯಲ್ಲಿ ತಮ್ಮ ಎನ್ನುವ ಹೆಸರಿರಲಿಲ್ಲ.

ಅವನ ಬೆರಳುಗಳು ಇನ್ನೂ ಆ ಎರಡು ಕೀಲಿಗಳ ಮೇಲೇ ಇದ್ದವು. ಎತ್ತಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎನ್ನುವ ಹಾಗೆ ಬಹಳ ಹೊತ್ತು ಒತ್ತಿ ಹಿಡಿದುಕೊಂಡೇ ಕೂತ. ಆಮೇಲೆ ಮೇಜಿಗೆ ಹಣೆ ಚಚ್ಚಿಕೊಂಡು ಅತ್ತ. ಪಕ್ಕದ ಮನೆಯವರು ಗೋಡೆ ತಟ್ಟಿ ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದು ಕೂಗಿ ಹೇಳಿದ.

ಮಧ್ಯಾಹ್ನ ಬೋರ್ಡನ್ನು ಹೊರತೆಗೆದು ಲೆನ್ಸಿನಡಿ ಹಿಡಿದ. ಹದಿನಾಲ್ಕನೆಯ ಕಾಲಿನಿಂದ ಅಣ್ಣನ ಹೆಸರಿನ ಮೊದಲ ಅಕ್ಷರಕ್ಕೆ, ಅಲ್ಲಿಂದ ಪಕ್ಕಕ್ಕೆ ಸರಿಸಿದ ಗೆರೆಗೆ, ಕೂದಲೆಳೆಯಷ್ಟು ಬೆಸುಗೆ ಹರಿದು ಅಂಟಿಕೊಂಡಿತ್ತು. ಪರದೆ ಬೋಳಾದದ್ದು ಅದರಿಂದಲೇ; ಎಲ್ಲವನ್ನೂ ಮರೆತ ಮೇಲೆ ಯಂತ್ರ ಆ ಚಿಪ್ಪಿನ ಗೊಡವೆಗೇ ಹೋಗದೆ ಎದ್ದಿತ್ತು. ಆ ಅಕ್ಷರ ಅಲ್ಲಿ ಇಲ್ಲದಿದ್ದರೆ, ಡ್ರಾದಲ್ಲಿದ್ದ ಯಾವ ಬೋರ್ಡು ಹಾಕಿದ್ದರೂ, ಯಂತ್ರ ನೇರ ಎದ್ದು ಕೂರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಳಿದ ಬರಹವನ್ನು ಮರಳಿ ತರುವ ಉಪಾಯ ಇದೆಯೇ ಎಂದು ಅವನು ಯಾರನ್ನೂ ಕೇಳಲಿಲ್ಲ. ಲೋಕದಲ್ಲಿ ಯಾರಾದರೂ ಅದನ್ನು ಕೇಳಬೇಕೆಂದರೆ ಅವನನ್ನೇ ಕೇಳುತ್ತಿದ್ದರು. ಅವನು ಇಲ್ಲ ಎನ್ನುತ್ತಿದ್ದ.

ಎರಡು ದಿನ ಒಂದು ಹೊಲಸು ಯೋಚನೆ ತಲೆಯಲ್ಲಿ ಸುಳಿಯಿತು. ತಾನೇ ಬರೆದುಬಿಟ್ಟರೆ? ಅಣ್ಣ ಮಾತಾಡುವ ಧಾಟಿ ತನಗೆ ಗೊತ್ತಿಲ್ಲವೇ? ಅತ್ತಿಗೆಗೆ ಹೇಗೆ ತಿಳಿಯಬೇಕು? ಡ್ರಾದ ಬೋರ್ಡೊಂದನ್ನು ಹಾಕಿ ಯಂತ್ರದ ಮುಂದೆ ಕೂತು "ತಮ್ಮಾ" ಎಂದು ಹೊಡೆದ. ಮುಂದೆ ಏನು ಬರೆಸಲಿ ಅಣ್ಣನ ಕೈಯಲ್ಲಿ? ಹೋಗಲಿ ಬಿಡೋ ಎನ್ನಿಸಲೇ? ತನ್ನ ತಪ್ಪನ್ನು ತಾನೇ ಕ್ಷಮಿಸಿಕೊಂಡು ಕೆಳಗೆ ಅಣ್ಣನ ರುಜು ಹಾಕುವ ಮಟ್ಟಕ್ಕೆ ಇಳಿದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಆ ಒಂದು ಪದವನ್ನೂ ಅಳಿಸಿದ.

ಶುಕ್ರವಾರ ಯಂತ್ರವನ್ನು ಅದೇ ಟವೆಲಿನಲ್ಲಿ ಸುತ್ತಿಕೊಂಡು ಅತ್ತಿಗೆಯ ಮನೆಗೆ ಹೋದ. ಮೂರನೆಯ ಮಹಡಿ, ಎರಡು ಕೋಣೆ. ಕಿಟಕಿಯ ಪಕ್ಕ ಅಣ್ಣನ ಕುರ್ಚಿ, ಅದರ ಮೇಲೆ ತಗ್ಗು ಬಿದ್ದ ದಿಂಬು. ಎದುರಿನ ಸ್ಟೂಲಿನ ಮೇಲೆ ಅಣ್ಣ ಬರೆದ ಚೀಟಿಗಳನ್ನು ಒಂದು ಪೆನ್ಸಿಲ್ಲಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಅತ್ತಿಗೆ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಓದಲು ತಯಾರಾಗಿ ಕೂತಿದ್ದರು.

"ಆಯ್ತಾ?"

"ಅಳಿಸಿಹೋಯ್ತು ಅತ್ತಿಗೆ."

"ಏನು?"

"ಅಣ್ಣ ಬರೆದಿದ್ದು. ನನ್ನ ಕೈಯಿಂದಾನೇ ಅಳಿಸಿಹೋಯ್ತು."

ಅಡ್ಡಗೋಡೆಯ ಮೇಲೆ ದೀಪ ಇಡದೆ ಎಲ್ಲವನ್ನೂ ಹೇಳಿದ. ಇಪ್ಪತ್ತು ಪುಟ, ಗುಂಡಿ, ಎರಡು ಕೀಲಿ, ಬೆಸುಗೆ ಎಳೆ, ಅಣ್ಣನ ಹೆಸರು. ಡ್ರಾದಲ್ಲಿ ನಲವತ್ತು ಬೋರ್ಡು ಇದ್ದದ್ದನ್ನೂ ಹೇಳಿದ. ಅದೊಂದನ್ನು ನುಂಗಿಕೊಳ್ಳಬಹುದಿತ್ತು, ನುಂಗಲಿಲ್ಲ.

"ಹಂಗಾದ್ರೆ ನಾನು ಬಂದ ದಿನಾನೇ ಆಗ್ತಿತ್ತಾ?"

"ಆಗ್ತಿತ್ತು."

"ನಾನು ಅಲ್ಲೇ ಕೂತಿದ್ದಾಗ?"

"ಹೂಂ."

ಅತ್ತಿಗೆ ಬಯ್ಯಲಿಲ್ಲ. ಬಯ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಕಡೆ ನೋಡಿದರು.

"ನಿನ್ನ ಹೆಸರು ಮೇಲಿತ್ತು ಅಂತ ಅದು ನಿಂದು ಅಂದ್ಕೊಂಡೆ ಅಲ್ವಾ? ನಾನು ಹಂಗೆ ಅಂದ್ಕೊಳ್ಳಲಿಲ್ಲ. ಇಪ್ಪತ್ತು ಪುಟ ಅಂದೆ. ಇಪ್ಪತ್ತು ಪುಟದಲ್ಲಿ ನಂದೂ ಒಂದು ಸಾಲು ಇರಲ್ವಾ? ಮೂವತ್ತು ವರ್ಷ ಜೊತೆಗಿದ್ದೆ ತಮ್ಮಾ. ಕಡೇಗೆ ನಂಗೆ ಸಿಕ್ಕಿದ್ದು ನೋಡು, ನೀರು, ದಿಂಬು." ಚೀಟಿಗಳ ಕಟ್ಟನ್ನು ಎತ್ತಿ ತೋರಿಸಿ ಮತ್ತೆ ಇಟ್ಟರು. "ಅವರು ಬರೀತಿರುವಾಗ ಚಹಾ ತಗೊಂಡು ಹೋದ್ರೆ ಅಂಗೈ ಅಡ್ಡ ಇಡೋರು. ಇಟ್ಕೊಳ್ಳಿ ಬಿಡಿ, ಆಮೇಲೆ ಓದ್ತೀನಿ ಅಂದ್ಕೋತಿದ್ದೆ. ಆಮೇಲೆ ಅಂದ್ರೆ ಯಾವಾಗ ಅಂತ ಗೊತ್ತಲ್ಲ ನಿಂಗೆ. ಅವರು ಉಸಿರಾಡ್ತಿರುವಾಗಲೇ ನಾನು ಹಂಗೆ ಅಂದ್ಕೋತಿದ್ದೆ. ಅದೊಂದು ಪಾಪಾನೂ ದಂಡ ಆಯ್ತು."

ತಮ್ಮನಿಗೆ ತಲೆ ಎತ್ತಲಾಗಲಿಲ್ಲ. ಮೂರು ವಾರ ತನ್ನ ಪಶ್ಚಾತ್ತಾಪ, ತನ್ನ ಅಣ್ಣ, ತನ್ನ ಪತ್ರ ಎಂದು ತೇಲಾಡುತ್ತಿದ್ದನಲ್ಲ, ಈ ಹೆಂಗಸು ಕಾಯುತ್ತಿದ್ದದ್ದು ಏನನ್ನು ಎಂದು ಒಮ್ಮೆಯಾದರೂ ಕೇಳಿರಲಿಲ್ಲ. ಯಂತ್ರವನ್ನು ತಾನೇ ಇಟ್ಟುಕೊಂಡು ಇನ್ನೂ ಏನಾದರೂ ನೋಡುತ್ತೇನೆ ಎಂದ.

"ವಾಪಸ್ ಬರುತ್ತಾ?"

"ಇಲ್ಲ."

"ಮತ್ತೆ ಯಾಕೆ? ಇಲ್ಲೇ ಇರಲಿ."

ಟವೆಲು ಬಿಚ್ಚಿ ಯಂತ್ರವನ್ನು ಮಡಿಲಿಗೆ ಎಳೆದುಕೊಂಡು ಅವರೇ ಸ್ವಿಚ್ಚು ಸರಿಸಿದರು. ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬಗ್ಗಿದರು. ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತಾ ಹೋದರು. ಬೆರಳು ಕೆಳಗಿನ ಮೂಲೆಗೆ ಬಂದು ನಿಂತಿತು.

"ತಮ್ಮಾ, ಇಲ್ಲೇನೋ ಉಳಿದಿದೆ ನೋಡು!"

ಅವನು ಎದ್ದು ಬಂದ.

"ಇಲ್ಲಿ, ಮೂಲೇಲಿ. ಎರಡು, ಒಂಬತ್ತು, ಆರು, ಮೂರು, ಎಂಟು." ಚೀಟಿಗಳ ಕಟ್ಟಿನಿಂದ ಒಂದನ್ನು ಎಳೆದು, ಅದರ ಬೆನ್ನ ಮೇಲೆ ಪೆನ್ಸಿಲ್ಲಿನಲ್ಲಿ ಆ ಅಂಕಿಗಳನ್ನು ಬರೆದುಕೊಂಡೂ ಆಗಿತ್ತು. "ಇದು ಅವರದ್ದೇ ಅಲ್ವಾ? ಏನು ಲೆಕ್ಕ ಇದು? ಹೇಳೋ, ನಿಂಗೆ ಗೊತ್ತಾಗುತ್ತೆ."

ಗೊತ್ತಿತ್ತು. ದಿನಕ್ಕೆ ಹತ್ತು ಸಲ ನೋಡುವ ಅಂಕಿ.

"ಅದು ಅಣ್ಣ ಬರೆದಿದ್ದಲ್ಲ ಅತ್ತಿಗೆ."

"ಮತ್ತೆ?"

"ಒಳಗೆ ಎಷ್ಟು ಅಕ್ಷರದಷ್ಟು ಖಾಲಿ ಇದೆ ಅಂತ ಮಿಶನ್ನೇ ತೋರಿಸ್ತಿರೋದು."

ಅತ್ತಿಗೆ ಚೀಟಿಯನ್ನು ನೋಡಿದರು, ಪರದೆಯನ್ನು ನೋಡಿದರು.

"ಪೂರ್ತಿ ಖಾಲೀನಾ?"

"ಪೂರ್ತಿ," ಎಂದ.